ದನಿಯಿಲ್ಲದ ಮಾದರಿ ಪಾಠ

ಜಯನಗರದ ಕೊನೆಯ ಮನೆಗಳನ್ನು ದಾಟಿದರೆ ಆಗ ಊರು ಮುಗಿಯುತ್ತಿತ್ತು. ನಿವೇಶನಗಳ ಗಡಿಕಲ್ಲುಗಳು ಒಂದಷ್ಟು ದೂರ ಸಾಲಾಗಿ ನಡೆದು ಬಂದು, ದಣಿದವರಂತೆ ರಾಗಿ ಹೊಲದ ಅಂಚಿನಲ್ಲಿ ಕೂತುಬಿಡುತ್ತಿದ್ದವು. ಅಲ್ಲಿಂದ ಮುಂದೆ ಸಾರಕ್ಕಿಯ ಕಾಲುದಾರಿ. ಬೆಳಗಿನ ಮಂಜಿನಲ್ಲಿ ಕೆರೆ ಯಾವುದು, ಆಕಾಶ ಯಾವುದು ತಿಳಿಯುತ್ತಿರಲಿಲ್ಲ. ಶಾಲೆ ಕಣ್ಣಿಗೆ ಬೀಳುವ ಎಷ್ಟೋ ಮೊದಲೇ ಕಿವಿಗೆ ಬೀಳುತ್ತಿತ್ತು. ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಪದ್ಯ ಹೇಳುವಾಗ ಆ ದನಿ ನೀರಿನ ಮೇಲೆ ತೆಳ್ಳಗೆ ಹಾಸಿಕೊಂಡು ಬಂದು ನನ್ನ ಪಾದದ ಹತ್ತಿರ ಮಡಚಿಕೊಂಡಂತೆ ಅನಿಸುತ್ತಿತ್ತು. ಎಷ್ಟೋ ದಿನ ಏರಿಯ ಮೇಲೆ ಸುಮ್ಮನೆ ನಿಂತುಬಿಟ್ಟಿದ್ದೇನೆ. ಹೆಜ್ಜೆ ಕಿತ್ತರೆ ಎಲ್ಲಿ ಮುಗಿದುಹೋಗುತ್ತದೋ ಎಂದು.

ಊರಿನವರು ಅದನ್ನು ಏರಿ ಶಾಲೆ ಎನ್ನುತ್ತಿದ್ದರು. ಸಾವಿರದ ಒಂಬೈನೂರ ಅರವತ್ತೊಂದರ ಜೂನ್ ತಿಂಗಳಲ್ಲಿ ನಾನು ಅಲ್ಲಿಗೆ ಮುಖ್ಯೋಪಾಧ್ಯಾಯಿನಿಯಾಗಿ ಬಂದೆ. ಒಂದು ವರ್ಷ ಪರೀಕ್ಷಾವಧಿ. ಸರಿಹೋದರೆ ಕಾಯಂ, ಇಲ್ಲದಿದ್ದರೆ ಮತ್ತೆ ಹಿಂದಿನ ಉಪಾಧ್ಯಾಯಿನಿ ಕೆಲಸ. ನಿಜಕ್ಕೂ ಆ ಕುರ್ಚಿ ಸಲ್ಲಬೇಕಾಗಿದ್ದದ್ದು ಮೂರನೇ ತರಗತಿಯ ಏಕಾಂತಯ್ಯ ಮೇಷ್ಟ್ರಿಗೆ. ಎಲ್ಲರಿಗಿಂತ ಹಿರಿಯರು, ನಿವೃತ್ತಿಗೆ ಎರಡು ವರ್ಷವಿತ್ತು. ಆದರೆ ಅವರಿಗೆ ಟ್ರೈನಿಂಗ್ ಆಗಿರಲಿಲ್ಲ. ನಾನು ಬಂದ ದಿನ ಅವರೇ ಕುರ್ಚಿಯನ್ನು ಹೊರಗೆ ತಂದು, ಹೆಗಲ ವಲ್ಲಿಯಿಂದ ಒರೆಸಿ ಇಟ್ಟರು.

"ಕೂತ್ಕೊಳಿ ತಾಯಿ. ಒಂದು ಕಾಲು ಕುಂಟುತ್ತೆ, ಎಡಕ್ಕೆ ವಾಲಬೇಡಿ."

"ನಿಮಗೆ ಬೇಸರವಿಲ್ಲ ತಾನೇ ಮೇಷ್ಟ್ರೇ?" ಎಂದೆ. ಅವರು ಅಷ್ಟರಲ್ಲಿ ಬೆನ್ನು ತಿರುಗಿಸಿದ್ದರು. ಉತ್ತರ ಕೊಡದೆ ತರಗತಿಗೆ ಹೊರಟುಹೋದರು.

ನಾಲ್ಕನೇ ತರಗತಿಯ ಸೇತುರಾಮ ಅದನ್ನು ನೋಡುತ್ತಿದ್ದ. ಬಸವನಗುಡಿಯಿಂದ ಸೈಕಲ್ಲಿನಲ್ಲಿ ಬರುವ ಹುಡುಗುಬುದ್ಧಿಯ ಮನುಷ್ಯ, ಒಳ್ಳೆಯವನು, ನಾಲಿಗೆ ಮಾತ್ರ ಸುಮ್ಮನಿರುತ್ತಿರಲಿಲ್ಲ.

"ಬಿಗುಮಾನ ಮೇಡಂ. ಹಿಂದಿನಿಂದ ಎಷ್ಟು ಕರೆದ್ರೂ ತಿರುಗಲ್ಲ. ಈಗಂತೂ ಮುಗೀತು, ನಿಮ್ಮ ಮೇಲಿನ ಕೋಪಾನೂ ಸೇರ್ಕೊಂಡ್ತು."

ನಾನೂ ಹಾಗೆಯೇ ನಂಬಿದೆ.

ಹೊಸದಾಗಿ ಮುಖ್ಯರಾದವರಿಗೆ ಆ ವರ್ಷ ಇಲಾಖೆ ಒಂದು ತರಬೇತಿ ಇಟ್ಟಿತ್ತು. ಶನಿವಾರ ಮಧ್ಯಾಹ್ನ ಜಯನಗರದ ಒಂದು ಶಾಲೆಯ ಹಜಾರದಲ್ಲಿ ಸೇರುತ್ತಿದ್ದೆವು. ಕಲಿಸುವವರು ಅನಂತರಾಮು ಎಂಬುವವರು. ಮೆಲುದನಿಯ ವ್ಯಕ್ತಿ, ಖಾದಿ ಕೋಟು, ಮಾತಿನ ನಡುವೆ ದೀರ್ಘವಾಗಿ ನಿಲ್ಲಿಸುವ ಅಭ್ಯಾಸ. ಮೊದಲ ದಿನವೇ ಅವರು ಹೇಳಿದ್ದು ನನಗೆ ಹಿಡಿಸಿಬಿಟ್ಟಿತು.

"ಮುಖ್ಯರಾದವರು ಮಾಡಬೇಕಾದ ಮೊದಲ ಕೆಲಸ, ಇನ್ನೊಬ್ಬರ ತರಗತಿಯಲ್ಲಿ ಹಿಂದೆ ಕೂರೋದು. ಒಂದು ಪಾಠ ಪೂರ್ತಿ. ತುಟಿ ಬಿಚ್ಚಬಾರದು, ಹುಬ್ಬು ಏರಿಸಬಾರದು. ಕೂತು ಕೇಳಿ. ನಾವು ಉಪಾಧ್ಯಾಯರು ಹೇಳೋದ್ರಲ್ಲಿ ಪಳಗಿದವರು. ಕೇಳೋದು ಈಗ ಕಲೀಬೇಕು."

ಕೇಳುವುದು ನನಗೆ ಹೊಸದಲ್ಲ. ನಮ್ಮ ತಂದೆ ಗುಡಿಯ ಪ್ರಾಕಾರದಲ್ಲಿ ಕಾವ್ಯ ಓದುತ್ತಿದ್ದರು. ನಾನು ಕಂಬಕ್ಕೆ ಒರಗಿ, ಕಣ್ಣು ಮುಚ್ಚಿ, ಅರ್ಥವಾಗದಿದ್ದರೂ ಷಟ್ಪದಿಯ ಏರಿಳಿತದಲ್ಲಿ ತೇಲುತ್ತಾ ಬೆಳೆದವಳು. ದೇವರ ಹತ್ತಿರಕ್ಕೆ ನನಗೆ ತಿಳಿದಿದ್ದ ದಾರಿ ಅದೊಂದೇ. ಅದಕ್ಕೇ ಪಾಠ ನೋಡಲು ಕೂತಾಗಲೂ ಕಣ್ಣು ತಾನಾಗಿ ಮುಚ್ಚುತ್ತಿತ್ತು. ಸೇತುರಾಮನ ತರಗತಿಯಲ್ಲಿ ಹೀಗೆ ಕೂತೆದ್ದ ದಿನ ಅವನು ಹೊರಗೆ ಬಂದು ಹೇಳಿದ: "ಮೇಡಂ, ಮೊದಲೇ ಹೇಳಿದ್ರೆ ಭೂಗೋಳ ಬಿಟ್ಟು ಜೋಗುಳ ಹಾಡ್ತಿದ್ದೆ."

ದಸರಾ ರಜೆ ಕಳೆದ ಮೇಲೆ ಏಕಾಂತಯ್ಯನವರ ತರಗತಿಗೆ ಹೋಗಿ ಕೂತೆ.

ಮಕ್ಕಳು ಉದ್ದನೆಯ ತಗ್ಗು ಹಲಗೆಗಳ ಮೇಲೆ ಸಾಲಾಗಿ ಕೂತಿದ್ದರು. ಮೇಷ್ಟ್ರು ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು, ಬರಿಗಾಲಲ್ಲಿ, ಬಲಗಾಲಿನ ಹೆಬ್ಬೆರಳನ್ನು ಮೊದಲ ಹಲಗೆಯ ತುದಿಗೆ ಒತ್ತಿ ನಿಂತಿದ್ದರು. ಅವರು ಒಂದು ಸಾಲು ಹೇಳಿದರೆ ಮಕ್ಕಳು ಅಂಗೈಯಿಂದ ಹಲಗೆಯ ಮೇಲೆ ತಾಳ ಹಾಕುತ್ತಾ ತಿರುಗಿ ಹೇಳುತ್ತಿದ್ದರು. ಪದ್ಯವೂ ಅವರೇ ಕಟ್ಟಿದ್ದು.

ಕೆರೆಯ ಏರಿಯ ಮೇಲೆ ನಿಂತಿಹ
ಹೊಂಗೆ ಮರವನು ಕೇಳಿರಿ,
ನೀರ ಕನಸಲಿ ತೂಗುತಿರುವಾ
ನೆರಳ ತೊಟ್ಟಿಲ ನೋಡಿರಿ.

ನಾನು ಕಣ್ಣು ಮುಚ್ಚಿದೆ. ಹೆಂಚಿನ ಸಂದಿಯಿಂದ ಬಿದ್ದ ಬಿಸಿಲು ರೆಪ್ಪೆಯ ಮೇಲೆ ಕೆಂಪಗೆ ಕೂತಿತ್ತು. ಹೊರಗೆ ಕೆರೆ, ಒಳಗೆ ಕೆರೆಯ ಪದ್ಯ. ನಾನು ಎರಡರ ನಡುವೆ ಎಲ್ಲೋ ಇದ್ದೆ. ಬಹಳ ಹೊತ್ತು ಹಾಗೆ ಇದ್ದ ಮೇಲೆ, ಓದು ಕೇಳಿ ಬೆಳೆದ ಕಿವಿಗೆ ಏನೋ ತಟ್ಟಿತು. ಪ್ರತಿ ಸಾಲೂ ತಲೆಯಲ್ಲಿ ತೆಳ್ಳಗಿತ್ತು, ಬಾಲದಲ್ಲಿ ದಪ್ಪಗಿತ್ತು. 'ಹೊಂಗೆ ಮರವನು' ಎನ್ನುವಾಗ ನಾಲ್ಕಾರು ದನಿ. 'ಕೇಳಿರಿ' ಎನ್ನುವಾಗ ಇಡೀ ತರಗತಿ.

ಅಷ್ಟರಲ್ಲಿ ಹಿಂದಿನ ಸಾಲಿನಿಂದ ಒಂದು ಸಣ್ಣ ದನಿ ಕೇಳಿಸಿತು. "ಮೇಷ್ಟ್ರೇ, ನೀರು ಕುಡ್ದು ಬರ್ಲಾ?" ಪದ್ಯ ನಿಂತಿತ್ತು, ತರಗತಿ ನಿಶ್ಶಬ್ದವಾಗಿತ್ತು, ಮೇಷ್ಟ್ರು ಬೋರ್ಡಿನ ಕಡೆ ಮುಖ ಮಾಡಿದ್ದರು. ಉತ್ತರ ಬರಲಿಲ್ಲ. ನಾನು ಕಣ್ಣು ಬಿಟ್ಟೆ. ಕೇಳಿದ ಹುಡುಗಿ ಎದ್ದು ಮುಂದೆ ಹೋಗಿ, ಅವರ ಪಂಚೆಯ ಚುಂಗನ್ನು ಮೆಲ್ಲಗೆ ಜಗ್ಗಿ, ಮುಷ್ಟಿಯನ್ನು ಬಾಯಿಗೆ ಹಿಡಿದಳು. ಅವರು ತಲೆಯಾಡಿಸಿದರು. ಪಕ್ಕದ ಹುಡುಗ ಅವಳನ್ನು ಬೈಯುವಂತೆ ನೋಡಿದ. ನಾನು ಅಲ್ಲಿದ್ದೆ ಎಂದಲ್ಲ, ಸನ್ನೆ ಮಾಡುವುದನ್ನು ಮರೆತು ಬಾಯಲ್ಲಿ ಕೇಳಿದ್ದಕ್ಕೆ. ಆಗ ಗಮನಿಸಿದೆ. ಆ ಮಕ್ಕಳಿಗೆ ಎಲ್ಲದಕ್ಕೂ ಒಂದೊಂದು ಸನ್ನೆ ಇತ್ತು. ಹೊಟ್ಟೆನೋವಿಗೆ, ಬಳಪ ಮುರಿದದ್ದಕ್ಕೆ, ತಮ್ಮನನ್ನು ಎತ್ತಿಕೊಳ್ಳಲು ಅಮ್ಮ ಕರೆದದ್ದಕ್ಕೆ. ಮೇಷ್ಟ್ರು ಒಬ್ಬ ಹುಡುಗನನ್ನೂ ಎಬ್ಬಿಸಿ ಪ್ರಶ್ನೆ ಕೇಳಲಿಲ್ಲ. ಅವರಿಗೆ ಕಿವಿ ಕೇಳಿಸುತ್ತಿರಲಿಲ್ಲ. ಹಲಗೆಯ ಅದುರು ಹೆಬ್ಬೆರಳಿನಿಂದ ಏರಿ ಬಂದಷ್ಟೇ ಅವರ ಪಾಲಿನ ದನಿ. ಮಕ್ಕಳಿಗೆಲ್ಲ ಇದು ಗೊತ್ತಿತ್ತು, ಒಬ್ಬರೂ ಮನೆಯಲ್ಲಿ ಕೂಡ ಆಡಿರಲಿಲ್ಲ.

ಊಟದ ಹೊತ್ತಿನಲ್ಲಿ ಆ ನೀರು ಕೇಳಿದ ಹುಡುಗಿಯನ್ನು ಕರೆದೆ. ನಾರಾಯಣಮ್ಮ ಅಂತ ಹೆಸರು, ಜಯನಗರದ ಮನೆಗಳಿಗೆ ಕಲ್ಲು ಒಡೆಯಲು ಬಂದವರ ಮಗಳು.

"ಆ ಪದ್ಯ ಹೇಳು ಮರಿ."

ಅವಳು ಕೈ ಕಟ್ಟಿ, ರಾಗ ಸರಿಯಾಗಿಯೇ ಹಿಡಿದು, ಬಾಯೊಳಗೆ ಏನೋ ಗುನುಗಿ, "ಕೇಳಿರಿ" ಎಂದಳು. ಮತ್ತೆ ಗುನುಗಿ, "ನೋಡಿರಿ" ಎಂದಳು.

"ಅದರ ಮೊದಲಿನದ್ದು?"

"ಅದು ಬೇರೆಯವ್ರು ಹೇಳ್ತಾರೆ ಟೀಚರ್."

ಮುಂದಿನ ಶನಿವಾರ ಅನಂತರಾಮು ಅವರು ತರಬೇತಿಯ ಕೊನೆಯ ಘಟ್ಟವನ್ನು ತಿಳಿಸಿದರು. ಪ್ರತಿಯೊಬ್ಬ ಮುಖ್ಯರೂ ತಮ್ಮ ಶಾಲೆಯಲ್ಲಿ ಒಂದು ಮಾದರಿ ಪಾಠ ಏರ್ಪಡಿಸಬೇಕು. ಪಾಠ ಮಾಡುವವರು ಶಾಲೆಯ ಒಬ್ಬ ಉಪಾಧ್ಯಾಯರು. ನಾವೆಲ್ಲ ಹೋಗಿ ಹಿಂದೆ ಕೂರುವುದು. ಆಮೇಲೆ ಮಕ್ಕಳನ್ನು ಆಟಕ್ಕೆ ಬಿಟ್ಟು, ಪಾಠ ಮಾಡಿದವರನ್ನು ನಡುವೆ ಕೂರಿಸಿ ವಿಮರ್ಶೆ. ಮೊದಲು ಗುಣ, ಆಮೇಲೆ ದೋಷ. ಕೇಳಿದ್ದಕ್ಕೆ ಪಾಠ ಮಾಡಿದವರೇ ಉತ್ತರ ಹೇಳಬೇಕು, ಮುಖ್ಯರು ಅವರ ಪರವಾಗಿ ಬಾಯಿ ಹಾಕುವಂತಿಲ್ಲ. ಆ ದಿನ ಕಂಡದ್ದರ ಮೇಲೆ ನಮ್ಮನ್ನು ಕಾಯಂ ಮಾಡುವ ಶಿಫಾರಸು.

ವಾಡಿಕೆಯ ಪ್ರಕಾರ ಹಿರಿಯ ಉಪಾಧ್ಯಾಯರೇ ಆ ಪಾಠ ಮಾಡುವುದು. ಸುದ್ದಿಯನ್ನು ನೋಟೀಸಿನಲ್ಲಿ ಓದಿಕೊಂಡ ಏಕಾಂತಯ್ಯನವರು ತಮ್ಮ ಕರಿ ಕೋಟನ್ನು ಅಗಸರಿಗೆ ಕೊಟ್ಟೂಬಿಟ್ಟಿದ್ದರು.

ಸೇತುರಾಮ ನನ್ನ ಮೇಜಿನ ಮೇಲೆ ಬಗ್ಗಿ ಪಿಸುಗುಟ್ಟಿದ. "ಅವರ ಕೈಲಿ ಮಾಡಿಸ್ಬೇಡಿ ಮೇಡಂ. ಕೋರಸ್ ಹಾಡಿಸ್ತಾರೆ, ನಿಮ್ಮ ತರಬೇತಿಯ ಆ ಕೊಟ್ರಪ್ಪನವರು ಬಂದು ಹರಿದು ಹಾಕ್ತಾರೆ. ನಾನು ಮಾಡ್ತೀನಿ. ಇಲ್ಲ ಅಂದ್ರೆ ಎಲ್ಲಾ ಶಾಲೇಲೂ ಮಾಡೋ ಹಾಗೆ ಮಾಡೋಣ. ನಾಕನೇ ತರಗತಿಯ ಚುರುಕು ಹುಡುಗರನ್ನ ತಂದು ಮುಂದೆ ಕೂರ್ಸೋದು, ಕಲ್ಲೊಡೆಯೋರ ಮಕ್ಕಳಿಗೆ ಅವತ್ತು ರಜಾ."

ಅದು ಎಲ್ಲರೂ ಮಾಡುತ್ತಿದ್ದದ್ದೇ. ಆದರೆ ನನಗೆ ಬೇರೆ ಚಿಂತೆ. ಏಕಾಂತಯ್ಯನವರು ಪಾಠಕ್ಕೆ ನಿಂತರೆ ವಿಮರ್ಶೆಯಲ್ಲಿ ಮೊದಲನೇ ಪ್ರಶ್ನೆಗೇ ಗುಟ್ಟು ಹೊರಬೀಳುತ್ತದೆ. ಇಲಾಖೆಗೆ ತಿಳಿದರೆ ಡಾಕ್ಟರ ಮುಂದೆ ನಿಲ್ಲಿಸಿ, ಪಾಠಕ್ಕೆ ಒದಗರು ಎಂದು ಮನೆಗೆ ಕಳಿಸುತ್ತಾರೆ. ಪಾಠಕ್ಕೆ ನಿಲ್ಲಿಸದಿದ್ದರೆ ಅಷ್ಟು ವರ್ಷದ ಮನುಷ್ಯನಿಗೆ ಎಲ್ಲರೆದುರು ಅವಮಾನ. ಎರಡಕ್ಕೂ ಮೊದಲು, ಸಾಲಿನ ಬಾಲ ಹಿಡಿದು ತೇಲುತ್ತಿದ್ದ ಆ ಮಕ್ಕಳು. ಯಾರಾದರೂ ಮೇಷ್ಟ್ರಿಗೆ ಹೇಳಲೇಬೇಕಾಗಿತ್ತು. ಆ ಯಾರಾದರೂ ಎಂಬುದು ಈಗ ನಾನೇ.

ಸಂಜೆ ಶಾಲೆ ಬಿಟ್ಟ ಮೇಲೆ ಅವರು ಹೊಂಗೆ ಮರದ ಕೆಳಗೆ ಕೂತಿದ್ದರು. ನೀರಿನ ಮೇಲೆ ಬಿಸಿಲು ಅರಿಸಿನ ಚೆಲ್ಲಿದ ಹಾಗಿತ್ತು. ಕೆರೆಯ ಮೆಟ್ಟಿಲುಗಳ ಮೇಲೆ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಶಾಲೆಯ ಆಯಾ ಮುನಿಲಕ್ಷ್ಮಮ್ಮ ಅಂಗಳ ಗುಡಿಸುತ್ತಿದ್ದಳು. ನಾನು ಅವರ ಎದುರು ಕೂತೆ.

"ಮೇಷ್ಟ್ರೇ, ನಿಮ್ಮ ಹತ್ರ ಒಂದು ಮಾತಿತ್ತು."

"ಆಗಲಿ ತಾಯಿ, ಕೋಟು ನಾಳೆ ಬರುತ್ತೆ" ಎಂದರು.

ಸ್ವಲ್ಪ ಜೋರಾಗಿ ಹೇಳಿದೆ. ನಗುತ್ತಾ ತಲೆಯಾಡಿಸಿದರು. ಇನ್ನೂ ಜೋರು ಮಾಡಿದೆ. ಬಟ್ಟೆಯ ಸಪ್ಪಳ ನಿಂತಿತು, ಹೆಂಗಸರು ನಮ್ಮ ಕಡೆ ತಿರುಗಿದರು, ಮುನಿಲಕ್ಷ್ಮಮ್ಮನ ಪೊರಕೆಯೂ ನಿಂತಿತು. ಆಗ ಹೊಳೆಯಿತು. ಕಿವಿ ಕೇಳಿಸದವರಿಗೆ ಅವರ ಗುಟ್ಟನ್ನು ಹೇಳಬೇಕಾದರೆ ಊರಿಗೆಲ್ಲ ಕೇಳಿಸುವಂತೆ ಕೂಗಬೇಕು. ನನ್ನ ಜನ್ಮದಲ್ಲಿ ನಾನು ಅಷ್ಟು ದನಿ ಎತ್ತಿದವಳಲ್ಲ.

ಒಳಗೆ ಹೋಗಿ ಯಾವುದೋ ಮಗು ಬಿಟ್ಟುಹೋದ ಸ್ಲೇಟು, ಬಳಪ ತಂದೆ. ಮಡಿಲಲ್ಲಿಟ್ಟುಕೊಂಡು ಬರೆದೆ: 'ನಿಮಗೆ ಕೇಳಿಸುವುದಿಲ್ಲ ಎಂದು ನನಗೆ ತಿಳಿಯಿತು.'

ಅವರು ಓದಿದರು. ಕೆರೆಯ ಕಡೆ ನೋಡಿದರು. ವಲ್ಲಿಯ ತುದಿಯಿಂದ ಸ್ಲೇಟನ್ನು ಚೌಕಟ್ಟಿನ ಮೂಲೆಯವರೆಗೂ ಶುಚಿಯಾಗಿ ಒರೆಸಿದರು.

"ಮಕ್ಕಳು ಹೇಳಿದ್ವಾ?"

'ಇಲ್ಲ. ಅವರು ಯಾರಿಗೂ ಹೇಳಿಲ್ಲ.'

"ಹೇಳಲ್ಲ ಅವು." ಅವರ ಮುಖದಲ್ಲಿ ಹೆಮ್ಮೆಯಂಥದ್ದು ಹಾದುಹೋಯಿತು. "ನಿಮ್ಮ ಅಕ್ಷರ ದುಂಡಗಿದೆ ತಾಯಿ. ಮಂಡಿನೋವು ಅಂತ ಹೇಳ್ತೀನಿ ಬಿಡಿ. ಪಾಠ ಸೇತುರಾಮ ಮಾಡ್ಲಿ. ಮನೇಲಿ ಮಾತಾಡೋಕೆ ನಂಗೆ ಯಾರೂ ಇಲ್ಲ. ಆ ಮಕ್ಕಳು ಬಾಯಿ ತೆರೆಯೋದು ಕಂಡ್ರೆ ಕೇಳಿದಷ್ಟೇ ಸಮಾಧಾನ. ಅದೊಂದು ತಪ್ಪಿಸಬೇಡಿ."

ಅಲ್ಲಿಗೆ ಬಿಡಬಹುದಿತ್ತು. ಅವರ ಮರ್ಯಾದೆ ಉಳಿಯುತ್ತಿತ್ತು, ನನ್ನ ಕುರ್ಚಿಯೂ ಉಳಿಯುತ್ತಿತ್ತು. ಬಿಡಲಿಲ್ಲ. ಬರೆದೆ: 'ಅರ್ಧ ಮಕ್ಕಳು ಸಾಲಿನ ಕೊನೆಯನ್ನು ಮಾತ್ರ ಹೇಳುತ್ತಾರೆ. ಅವರಿಗೆ ಪದ್ಯ ಬರುವುದಿಲ್ಲ.'

ಕಿವಿಯ ವಿಷಯಕ್ಕೆ ಅಲುಗದಿದ್ದ ಮುಖ ಇದಕ್ಕೆ ಬಿಳಿಚಿಕೊಂಡಿತು. ಎರಡು ಸಲ ಓದಿದರು.

"ಹಲಗೆ ಸುಳ್ಳು ಹೇಳ್ತಾ ನಂಗೆ?"

ಸ್ಲೇಟನ್ನು ನನ್ನ ಕೈಗೆ ಹಿಂತಿರುಗಿಸಿದರು.

"ತಾಳ ಸರಿಯಾಗಿ ಬರ್ತಿತ್ತಲ್ಲ ತಾಯಿ. ಒಂದು ಪೆಟ್ಟೂ ತಪ್ತಾ ಇರ್ಲಿಲ್ವಲ್ಲ." ವಲ್ಲಿ ಕೊಡವಿ ಎದ್ದರು. "ಕಿವಿ ವಿಷಯ ಹೇಳೋದಾದ್ರೆ ನಾನೇ ಹೇಳ್ಬೇಕು. ನಿಮ್ಮ ಬಾಯಿಂದ ಬರಬಾರ್ದು. ಅಷ್ಟು ಮಾತು ಕೊಡಿ."

'ಆಯಿತು' ಎಂದು ಬರೆದು ತೋರಿಸಿದೆ.

ಮಾರನೆಯ ಬೆಳಿಗ್ಗೆ ಏರಿಯ ಮೇಲೆ ಬಂದಾಗ ನೀರು ಬರಿದಾಗಿತ್ತು. ಅಂದರೆ ನೀರಿತ್ತು, ಅದರ ಮೇಲೆ ಏನೂ ಇರಲಿಲ್ಲ. ಮಂಜಿನೊಳಗೆ ನಡೆಯುತ್ತಾ ನಡೆಯುತ್ತಾ ನಾನು ಬೇರೆ ಯಾವುದೋ ಊರಿಗೆ ಬಂದುಬಿಟ್ಟೆನೇನೋ ಅನಿಸಿತು. ಅಂಗಳದಲ್ಲಿ ಮುನಿಲಕ್ಷ್ಮಮ್ಮ ಮಕ್ಕಳಿಗೆ ಹಾಲಿನ ಪುಡಿ ಕದಡುತ್ತಿದ್ದಳು.

"ಏನ್ ಅಮ್ಮಾವ್ರೆ, ಮೇಷ್ಟ್ರಿಗೆ ಏನಂದ್ರಿ? ಇಸ್ಕೂಲು ಉಸ್ರೇ ನಿಂತೋದಂಗೈತೆ. ನನ್ ಹಸೀನೂ ಹಾಲು ಇಳಿಸ್ಲಿಲ್ಲ ಇವತ್ತು, ಆ ಪದ ಕೇಳೇ ಇಳಿಸ್ತಿತ್ತು."

ಕಿಟಕಿಯಿಂದ ನೋಡಿದೆ. ಮೇಷ್ಟ್ರು ನೆಲದ ಮೇಲೆ ಕೂತಿದ್ದರು. ಪ್ರತಿ ಮಗುವಿನ ಮಡಿಲಲ್ಲೂ ಸ್ಲೇಟು. ಬೋರ್ಡಿನ ಮೇಲೆ ಪದ್ಯದ ಒಂದು ಸಾಲು, ನಡುವೆ ಒಂದು ಪದ ಖಾಲಿ. ಮಕ್ಕಳು ಬರೆದು ಸ್ಲೇಟು ಎತ್ತಿ ಹಿಡಿದರು. ಅವರು ಒಂದೊಂದನ್ನೇ ನೋಡುತ್ತಾ ಬಂದರು, ಕಳೆದುಹೋದ ನೆಂಟರ ಮುಖ ನೋಡುವ ಹಾಗೆ. ಎಷ್ಟೋ ಸ್ಲೇಟುಗಳಲ್ಲಿ ಏನೂ ಇರಲಿಲ್ಲ. ನಾರಾಯಣಮ್ಮ ಖಾಲಿ ಸ್ಲೇಟನ್ನು ಎಲ್ಲರಿಗಿಂತ ಎತ್ತರಕ್ಕೆ ಎತ್ತಿದ್ದಳು.

ಮಧ್ಯಾಹ್ನ ಅವರೇ ನನ್ನ ಹತ್ತಿರ ಬಂದರು. "ನಿನ್ನೆ ನೀವು ನನ್ನ ಜೊತೆ ಮಾತಾಡಿದ ಹಾಗೇ ಅವರ ಜೊತೆ ಮಾತಾಡ್ದೆ. ಆರು ವರ್ಷ ಆಗಿತ್ತು ತಾಯಿ, ಒಂದು ಮಗು ನಂಗೆ ಒಂಟಿಯಾಗಿ ಉತ್ತರ ಕೊಟ್ಟು. ಮಾದರಿ ಪಾಠ ನಾನೇ ಮಾಡ್ತೀನಿ. ಇದೇ ಮಕ್ಕಳು. ಯಾರನ್ನೂ ಕರ್ಕೊಂಡು ಬರಬೇಡಿ, ಯಾರನ್ನೂ ಕಳಿಸಬೇಡಿ."

ನಾನು ಸೇತುರಾಮನಿಗೆ ಹಾಗೆಯೇ ಹೇಳಿದೆ. ಅವನು ಕೈ ಮುಗಿದ. "ನಿಮ್ಮಿಷ್ಟ ಮೇಡಂ. ಮುಂದಿನ ವರ್ಷ ನಾನೂ ನೀವೂ ಪಕ್ಕಪಕ್ಕದ ತರಗತೀಲಿ ಇರ್ತೀವಿ ಬಿಡಿ."

ಸಂಕ್ರಾಂತಿ ಕಳೆದ ಒಂದು ಬುಧವಾರ ಎಲ್ಲರೂ ಬಂದರು. ಕೆಲವರು ಬನಶಂಕರಿ ಗುಡಿಗೆ ಹೋಗಿ ಕುಂಕುಮ ಇಟ್ಟುಕೊಂಡು ಬಂದಿದ್ದರು. ಖಡಕ್ ಮಾತಿನ ಕೊಟ್ರಪ್ಪನವರು, ಯಡಿಯೂರು ಕಡೆಯ ಸತ್ಯಭಾಮಾ, ಇನ್ನೂ ಹಲವರು, ಕೊನೆಯಲ್ಲಿ ಅನಂತರಾಮು. ಹಿಂದಿನ ಗೋಡೆಗೆ ಒರಗಿ ಕೂತೆವು.

ಏಕಾಂತಯ್ಯನವರು ಪದ್ಯವನ್ನು ಒಮ್ಮೆ ಓದಿದರು. ತಾಳವಿಲ್ಲ, ಮಕ್ಕಳು ತಿರುಗಿ ಹೇಳುವುದೂ ಇಲ್ಲ. ಆಮೇಲೆ ಮಕ್ಕಳನ್ನು ಕಿಟಕಿಯ ಹತ್ತಿರ ಕರೆದು ಕೆರೆಯನ್ನು ತೋರಿಸಿದರು. "ನಾನು ಮರದ ನೆರಳನ್ನ ತೊಟ್ಟಿಲು ಅಂದೆ. ನಿಮಗೆ ಏನು ಕಾಣುತ್ತೆ? ಪಕ್ಕದವನದ್ದು ನೋಡಬೇಡಿ."

ಮಕ್ಕಳು ಕೂತು ಬರೆಯತೊಡಗಿದರು. ಆ ಹೊತ್ತನ್ನು ಹೇಗೆ ಹೇಳಲಿ. ಇಡೀ ಕೋಣೆಯಲ್ಲಿ ಬಳಪದ ಸದ್ದೊಂದೇ, ಹುಲ್ಲಿನೊಳಗೆ ಸಣ್ಣ ಹುಳಗಳು ಒಂದಕ್ಕೊಂದು ಏನೋ ಹೇಳಿಕೊಳ್ಳುವ ಹಾಗೆ. ಹೊರಗೆ ಗಾಳಿ ಬಂದರೆ ನೀರಿನ ಬೆಳಕು ಹೆಂಚಿನ ಒಳಮೈಯಲ್ಲಿ ಓಡಾಡುತ್ತಿತ್ತು. ನಾನು ಕಣ್ಣು ಮುಚ್ಚಲಿಲ್ಲ. ಕಾವ್ಯ ಓದುವಾಗ ಎರಡು ಸಾಲಿನ ನಡುವೆ ತಂದೆ ಉಸಿರು ಎಳೆದುಕೊಳ್ಳುತ್ತಿದ್ದರಲ್ಲ, ಅಷ್ಟು ಗಳಿಗೆಯೊಳಗೆ ಒಂದು ಮನೆ ಕಟ್ಟಿ ನಮ್ಮನ್ನೆಲ್ಲ ಒಳಗೆ ಕೂರಿಸಿದಂತಿತ್ತು.

ಸ್ಲೇಟುಗಳು ಎದ್ದವು. ದೋಣಿ. ಎಮ್ಮೆ. ಅಜ್ಜಿ ಸೀರೆ. ಒಬ್ಬ 'ಏನೂ ಇಲ್ಲ, ನೆರಳು' ಎಂದು ಬರೆದಿದ್ದ. ಕಾಗುಣಿತ ಅಲ್ಲಲ್ಲಿ ಮುಗ್ಗರಿಸಿತ್ತು. ಮೇಷ್ಟ್ರು ಒಂದೊಂದನ್ನೂ ಗಟ್ಟಿಯಾಗಿ ಓದಿ, ಬರೆದವರ ಕಡೆ ತಲೆಬಾಗಿಸುತ್ತಾ ಬಂದರು. ನಾರಾಯಣಮ್ಮನ ಸ್ಲೇಟಿನಲ್ಲಿ ಅಕ್ಷರವಿರಲಿಲ್ಲ, ಒಂದು ಚಿತ್ರವಿತ್ತು. ಕಲ್ಲು ಹೊರುವ ಬುಟ್ಟಿ, ಅದರೊಳಗೆ ಒಂದು ಮಗು. ಅವರು ಅವಳ ಪಕ್ಕ ಮಂಡಿಯೂರಿ, ಅವಳ ಕೈ ಹಿಡಿದು ಕೆಳಗೆ ಬರೆಸಿದರು: ಬುಟ್ಟಿ. ಅವಳ ತಮ್ಮ ಮಲಗುವುದು ಅದರಲ್ಲಿ ಎಂದು ನನಗೆ ಆಮೇಲೆ ತಿಳಿಯಿತು.

ಮಕ್ಕಳು ಆಟಕ್ಕೆ ಓಡಿದರು. ಮೇಷ್ಟ್ರನ್ನು ನಡುವೆ ಒಂದು ಸ್ಟೂಲಿನ ಮೇಲೆ ಕೂರಿಸಿದರು. ಸತ್ಯಭಾಮಾ ಎದುರಿಗಿದ್ದರು, ಗುಣ ಹೇಳಿದರು, ಮೇಷ್ಟ್ರು ತುಟಿ ನೋಡಿಯೋ ನಗು ನೋಡಿಯೋ ಕೈ ಮುಗಿದರು. ಕೊಟ್ರಪ್ಪನವರು ಅವರ ಬೆನ್ನಿನ ಹಿಂದೆ ಕೂತಿದ್ದರು.

"ನನ್ನ ಸರ್ವೀಸಲ್ಲಿ ಇಂಥ ಮೂಕ ಪಾಠ ನೋಡಿಲ್ಲ. ಭಾಷೆ ಪಾಠ ಅಂತೀರಿ, ಮಕ್ಕಳ ದನಿಯೇ ಇಲ್ಲ. ಒಬ್ಬರನ್ನೂ ಎಬ್ಬಿಸಿ ಕೇಳಲಿಲ್ಲ ಯಾಕೆ ಏಕಾಂತಯ್ಯನವರೇ?"

ಏಕಾಂತಯ್ಯನವರು ಸತ್ಯಭಾಮಾ ಅವರ ಕಡೆ ನಗುತ್ತಲೇ ಇದ್ದರು.

"ನಿಮ್ಮನ್ನೇ ಕೇಳಿದ್ದು." ಕೊಟ್ರಪ್ಪನವರ ದನಿ ಗಟ್ಟಿಯಾಯಿತು. "ಉತ್ತರ ಕೊಡೋ ಮರ್ಯಾದೆ ಬೇಡವೇ?"

ಸೇತುರಾಮ ಬಾಗಿಲಿನಿಂದ, "ಅದೊಂದು ಹೊಸ ವಿಧಾನ ಸಾರ್..." ಎಂದು ಶುರುಮಾಡಿದ. ಅವನಿಗೆ ಇನ್ನೂ ಏನೂ ತಿಳಿದಿರಲಿಲ್ಲ, ನಮ್ಮನ್ನು ಉಳಿಸಲು ಹೊರಟಿದ್ದ. ನಾನು ಕೈ ಎತ್ತಿ ಅವನನ್ನು ತಡೆದೆ. ಎಲ್ಲರೂ ನನ್ನತ್ತ ತಿರುಗಿದರು. ಹೊಸ ವಿಧಾನ ಎಂದು ನಾನೂ ಹೇಳಿದ್ದರೆ ಒಪ್ಪುತ್ತಿದ್ದರೇನೋ. ಆದರೆ ಪ್ರಶ್ನೆ ಮೇಷ್ಟ್ರಿಗೆ ಬಂದದ್ದು, ಉತ್ತರ ಮೇಷ್ಟ್ರದ್ದು. ಅದು ಅವರನ್ನು ತಲುಪಿರಲಿಲ್ಲ, ಅಷ್ಟೆ. ಹಲಗೆಯ ಮೇಲಿದ್ದ ಒಂದು ಸ್ಲೇಟು ತೆಗೆದುಕೊಂಡು, ಕೊಟ್ರಪ್ಪನವರ ಪ್ರಶ್ನೆಯನ್ನು ಅವರ ಮಾತಿನಲ್ಲೇ ಬರೆದು, ಮೇಷ್ಟ್ರ ಮುಂದೆ ಮಂಡಿಯೂರಿ ಹಿಡಿದೆ. ಕೊಟ್ಟ ಮಾತು ಮುರಿದೆನೋ ಉಳಿಸಿಕೊಂಡೆನೋ ನನಗೇ ಗೊತ್ತಾಗಲಿಲ್ಲ.

ಅವರು ಓದಿದರು. ನನ್ನ ಮುಖ ನೋಡಿದರು. ನಿಧಾನವಾಗಿ ಸ್ಟೂಲನ್ನೇ ಹಿಂದಕ್ಕೆ ತಿರುಗಿಸಿಕೊಂಡು ಕೊಟ್ರಪ್ಪನವರಿಗೆ ಎದುರಾಗಿ ಕೂತರು.

"ನನಗೆ ಕಿವಿ ಕೇಳಿಸದು ಸ್ವಾಮಿ. ಆರು ವರ್ಷ ಆಯ್ತು. ಎಬ್ಬಿಸಿ ಕೇಳಿದ್ರೆ ಮಗು ಹೇಳಿದ್ದು ನನಗೆ ಮುಟ್ಟಲ್ಲ. ಅದಕ್ಕೇ ಎಲ್ಲರ ಕೈಲೂ ಒಟ್ಟಿಗೆ ಹೇಳಿಸ್ತಿದ್ದೆ, ಬರ್ತಾ ಇದೆ ಅಂತ ನಂಬಿದ್ದೆ. ಬರ್ತಿರ್ಲಿಲ್ಲ. ಅದನ್ನ ಈ ತಾಯಿ ಕಂಡುಹಿಡಿದು ಹೇಳಿದ್ರು. ಇವತ್ತು ನೀವು ನೋಡಿದ್ದು ಚೆನ್ನಾಗಿತ್ತೋ ಇಲ್ಲವೋ ತಿಳೀದು. ಆದ್ರೆ ಯಾವ ಮಗು ಏನು ಬರೀತು ಅಂತ ನಾನು ಹೇಳಬಲ್ಲೆ. ಹೋದ ವರ್ಷ ಹೇಳೋಕೆ ಆಗ್ತಿರ್ಲಿಲ್ಲ."

ಹೊರಗೆ ಮಕ್ಕಳು ಕೂಗಾಡುತ್ತಿದ್ದರು. ಕೊಟ್ರಪ್ಪನವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಆಮೇಲೆ ನನ್ನ ಕಡೆ ಕೈ ಚಾಚಿದರು.

"ಆ ಬಳಪ ಇಲ್ಲಿ ಕೊಡಿಯಮ್ಮ. ನಂದಿನ್ನೂ ಪ್ರಶ್ನೆ ಮುಗಿದಿಲ್ಲ."

ಅವರು ಬರೆದರು, ಅಳಿಸಿದರು, ಮತ್ತೆ ಬರೆದರು. 'ಸ್ಲೇಟು ಎತ್ತಿದಾಗ ಹಿಂದಿನ ಸಾಲಿನವರು ಮುಂದಿನವರದ್ದು ನೋಡಿ ಬರೆಯುವುದಿಲ್ಲವೇ?' ಮೇಷ್ಟ್ರು ಉತ್ಸಾಹದಿಂದ ಉತ್ತರ ಹೇಳಿದರು. ಸತ್ಯಭಾಮಾ ಇನ್ನೊಂದು ಸ್ಲೇಟು ತೆಗೆದುಕೊಂಡರು. ಇನ್ನೊಬ್ಬರು, ಮತ್ತೊಬ್ಬರು. ತಲೆ ನರೆತ ಮುಖ್ಯೋಪಾಧ್ಯಾಯರು ಮಕ್ಕಳ ಹಲಗೆಗಳ ಮೇಲೆ ಮಂಡಿ ಮಡಚಿ ಕೂತು, ನಾಲಿಗೆ ಕಚ್ಚಿಕೊಂಡು, ಉಗುಳು ಹಚ್ಚಿ ಅಳಿಸುತ್ತಾ ಬರೆಯುತ್ತಿದ್ದರು. ಬರೆಯುವ ಶ್ರಮಕ್ಕೋ ಏನೋ, ಕಟುವಾದದ್ದು ಸ್ಲೇಟಿನ ಮೇಲೆ ಬರುವಷ್ಟರಲ್ಲಿ ಮೆತ್ತಗಾಗಿರುತ್ತಿತ್ತು. ನೀರಿನ ಬೆಳಕು ಅವರ ಬಾಗಿದ ತಲೆಗಳ ಮೇಲೂ ಆಡುತ್ತಿತ್ತು.

ಎಲ್ಲರೂ ಹೋದ ಮೇಲೆ ಅನಂತರಾಮು ನನ್ನೊಡನೆ ಏರಿಯವರೆಗೆ ನಡೆದು ಬಂದರು.

"ಯಾವಾಗಿಂದ ಗೊತ್ತು ನಿಮಗೆ?"

"ದಸರಾ ಆದಮೇಲಿಂದ."

"ಇಲಾಖೆಗೆ ತಿಳಿಸಬೇಕಿತ್ತು."

"ಹೌದು ಸಾರ್."

ಅವರು ನಡಿಗೆ ನಿಲ್ಲಿಸಿ ನನ್ನತ್ತ ತಿರುಗಿದರು. "ನಾನು ಮುಚ್ಚಿಡಲಾರೆ ಕಾತ್ಯಾಯಿನಿ ಅವರೇ. ಕಿವಿ ವಿಷಯ ಬರೀತೀನಿ. ನೀವು ತಿಳಿಸದೇ ಇದ್ದದ್ದೂ ಬರೀತೀನಿ. ಇವತ್ತು ನಾನು ಕಂಡದ್ದನ್ನೂ ಬರೀತೀನಿ. ಮೂರೂ ಒಟ್ಟಿಗೆ ಓದುವ ಮನಸ್ಸು ಅಲ್ಲಿ ಯಾರಿಗಾದರೂ ಇರಲಿ."

ಬೇಸಿಗೆ ರಜೆಗೆ ಮೊದಲು ಆದೇಶ ಬಂತು. ಏಕಾಂತಯ್ಯನವರು ನಿವೃತ್ತಿಯವರೆಗೆ ಅದೇ ತರಗತಿಯಲ್ಲಿ ಮುಂದುವರಿಯಬಹುದು, ಮುಖ್ಯೋಪಾಧ್ಯಾಯಿನಿಯ ಹೊಣೆಯ ಮೇಲೆ. ಮುಖ್ಯೋಪಾಧ್ಯಾಯಿನಿಯ ಪರೀಕ್ಷಾವಧಿ ಇನ್ನೂ ಒಂದು ವರ್ಷ.

ಸೇತುರಾಮ ಓದಿ, "ಇಬ್ಬರನ್ನೂ ಒಂದೇ ಗೂಟಕ್ಕೆ ಕಟ್ಟಿದಾರೆ ಮೇಡಂ" ಎಂದ. ಈ ಸಲ ಅವನು ನಗಲಿಲ್ಲ. ಕಾಗದವನ್ನು ತಾನೇ ಮೇಷ್ಟ್ರ ಕೈಗೆ ಕೊಟ್ಟು, ಅವರು ಓದಿ ಮುಗಿಸುವವರೆಗೂ ಅವರ ಎದುರಿಗೇ ನಿಂತಿದ್ದ, ಅವರಿಗೆ ಕಾಣುವಂತೆ.

ಮೇಷ್ಟ್ರು ನನ್ನ ಮೇಜಿನ ಹತ್ತಿರ ಬಂದರು.

"ನನ್ನ ದೆಸೆಯಿಂದ ನಿಮಗೆ ಒಂದು ವರ್ಷ ಹೋಯ್ತಲ್ಲ ತಾಯಿ."

ಮೇಜಿನ ಮೇಲೆ ಈಗ ಯಾವಾಗಲೂ ಒಂದು ಸ್ಲೇಟು ಇರುತ್ತಿತ್ತು. ಬಳಪ ಹಿಡಿದು ಯೋಚಿಸಿದೆ. ಹೇಳಬೇಕಾದದ್ದು ಬಹಳವಿತ್ತು, ಜಾಗ ಚಿಕ್ಕದು. 'ಇವತ್ತು ಯಾವ ಪಾಠ?' ಎಂದು ಬರೆದೆ.

"ಹದಿಮೂರರ ಮಗ್ಗಿ. ನಾರಾಯಣಮ್ಮ ಹದಿಮೂರೇಳಲಿ ಸಿಕ್ಕಿ ಹಾಕ್ಕೊಂಡು ಕೂತಿದಾಳೆ, ಜಪ್ಪಯ್ಯ ಅಂದ್ರೂ ಮುಂದೆ ಹೋಗಲ್ಲ. ನೀವೊಂದು ಸಲ ಬಂದು ಹಿಂದೆ ಕೂತ್ಕೊಂಡು ನೋಡಿ, ನನಗೆ ಕಾಣದ್ದು ಏನಾದ್ರೂ ನಿಮಗೆ ಕಂಡೀತು."

ಕುಂಟು ಕುರ್ಚಿಯನ್ನು ಗೋಡೆಗೆ ಸರಿಸಿ ಎದ್ದು ಅವರ ಹಿಂದೆ ಹೋದೆ.